ಮರುಭೂಮಿಯಲ್ಲೊಂದು ಹಿತ್ತಲು: ಫೀನಿಕ್ಸ್ ಬಿಸಿಲಲ್ಲಿ ತರಕಾರಿ ಬೆಳೆಯುವ ಬಗೆ

ಮೊದಲ ವರ್ಷ ಮೇ ತಿಂಗಳ ಶುರುವಿನಲ್ಲಿ ಆರು ಟೊಮೆಟೊ ಸಸಿ ತಂದು ನೆಟ್ಟೆ. ಅಂಗಡಿಯ ಬಾಗಿಲಲ್ಲೇ ಸಾಲಾಗಿ ಜೋಡಿಸಿಟ್ಟಿದ್ದರು. ಮಾರುತ್ತಿದ್ದಾರೆ ಅಂದಮೇಲೆ ನೆಡುವ ಕಾಲವೇ ಇರಬೇಕು ಅಂದುಕೊಂಡೆ. ದಿನಕ್ಕೆರಡು ಸಲ ನೀರು ಹಾಕಿದೆ. ಹೂವೂ ಬಂತು. ಒಂದೇ ಒಂದು ಕಾಯಿ ಕಚ್ಚಲಿಲ್ಲ. ಜೂನ್ 20ರ ಹೊತ್ತಿಗೆ ಆರೂ ಗಿಡ ಹಪ್ಪಳ.

ನಾನು ಚಳ್ಳಕೆರೆ ಕಡೆಯವನು. ಬಿಸಿಲು ನನಗೇನು ಹೊಸದಾ ಅನ್ನೋ ಧಿಮಾಕಿತ್ತು. ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ಅದನ್ನು ಒಂದೇ ಬೇಸಿಗೆಯಲ್ಲಿ ಇಳಿಸಿತು. ಇಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಸುಮಾರು 180 ಮಿ.ಮೀ. ಬೆಂಗಳೂರಿನಲ್ಲಿ ಅದರ ಐದು ಪಟ್ಟು ಬೀಳುತ್ತದೆ. 2023ರಲ್ಲಿ ಜೂನ್ 30ರಿಂದ ಸತತ 31 ದಿನ ಬಿಸಿಲು 43 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಅದೇ ಜುಲೈ 19ರಂದು ರಾತ್ರಿಯ ಕನಿಷ್ಠ ತಾಪಮಾನವೇ 36 ಡಿಗ್ರಿ. ನಮ್ಮೂರಲ್ಲಿ ಎಷ್ಟೇ ಬಿಸಿಲಿದ್ದರೂ ರಾತ್ರಿ ಅಂಗಳದಲ್ಲಿ ಮಲಗಿದರೆ ತಂಪು ಗಾಳಿ ಬರುತ್ತದಲ್ವಾ? ಇಲ್ಲಿನ ಜುಲೈಯಲ್ಲಿ ಆ ಸುಖ ಮನುಷ್ಯನಿಗೂ ಇಲ್ಲ, ಗಿಡಕ್ಕೂ ಇಲ್ಲ.

ಆಮೇಲಿನ ವರ್ಷಗಳಲ್ಲಿ ಬೆಂಡೆ, ಬಸಳೆ, ಮೆಂತ್ಯ, ಅವರೆ ಎಲ್ಲವನ್ನೂ ಇದೇ ಹಿತ್ತಲಲ್ಲಿ ಬೆಳೆದೆ. ನನ್ನ ಕೈಯಲ್ಲಿ ಸತ್ತ ಗಿಡಗಳ ಲೆಕ್ಕ ತೆಗೆದರೆ ಮುಕ್ಕಾಲು ಪಾಲು ತಪ್ಪು ತಾರೀಖಿಗೆ ಬಲಿಯಾದವು. ಹಾಗಾಗಿ ಮಣ್ಣಿಗಿಂತ ಮುಂಚೆ ತಾರೀಖಿನ ಮಾತಾಡೋಣ.

ಇಲ್ಲಿನ ವಿವರವೆಲ್ಲ ಫೀನಿಕ್ಸ್ ಮತ್ತು ಸುತ್ತಲಿನ ಕಣಿವೆಯ ಊರುಗಳದ್ದು. ದುಬೈ, ಮಸ್ಕತ್ ಕಡೆ ಇರುವ ಕನ್ನಡಿಗರಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ. ಅಲ್ಲಿ ಚಳಿಗಾಲದಲ್ಲಿ ಗಿಡ ಹೆಪ್ಪುಗಟ್ಟುವ ಭಯವಿಲ್ಲ. ಗಾಳಿಯಲ್ಲಿ ತೇವ ಜಾಸ್ತಿ. ತಾರೀಖುಗಳನ್ನು ಅಲ್ಲಿಗೆ ತಕ್ಕಂತೆ ಹೊಂದಿಸಿಕೊಳ್ಳಿ.

ಮೊದಲು ಕ್ಯಾಲೆಂಡರ್ ಸರಿ ಮಾಡಿಕೊಳ್ಳಿ

ಬೀಜದ ಪೊಟ್ಟಣದ ಹಿಂದೆ ಬರೆದಿರುವುದನ್ನು ಮರೆತುಬಿಡಿ. ಅದು ಹಿಮ ಬೀಳುವ ಊರುಗಳಿಗೆ ಬರೆದದ್ದು. ಅಲ್ಲಿ ಮೇ ತಿಂಗಳಲ್ಲಿ ತೋಟ ಶುರು, ಚಳಿಗಾಲದಲ್ಲಿ ಬಂದ್. ಫೀನಿಕ್ಸ್‌ನಲ್ಲಿ ತೋಟ ಮಲಗೋದು ಜುಲೈಯಲ್ಲಿ, ಎದ್ದು ಕುಣಿಯೋದು ನವೆಂಬರಿನಲ್ಲಿ.

ನಮ್ಮ ಮುಂಗಾರು, ಹಿಂಗಾರಿನ ಲೆಕ್ಕ ಹಿಡಿದರೆ ಇದು ಬೇಗ ತಲೆಗೆ ಹೋಗುತ್ತದೆ. ಇಲ್ಲೂ ಎರಡು ಹಂಗಾಮು.

ಒಂದು, ಫೆಬ್ರವರಿ ಮಧ್ಯದಿಂದ ಮಾರ್ಚ್ ಕೊನೆಯವರೆಗೆ ನೆಡುವ ಬೇಸಿಗೆ ಹಂಗಾಮು. ಗಿಡ ಸುಡುವಷ್ಟು ಚಳಿ ಸಾಮಾನ್ಯವಾಗಿ ಫೆಬ್ರವರಿ ಮಧ್ಯಕ್ಕೆ ಮುಗಿಯುತ್ತದೆ. ಟೊಮೆಟೊ ಸಸಿ ಅಲ್ಲಿಂದ ಮಾರ್ಚ್ ಮಧ್ಯದೊಳಗೆ ನೆಲ ಸೇರಬೇಕು. ಕಾರಣ ಸರಳ. ಹಗಲು 35 ಡಿಗ್ರಿ, ರಾತ್ರಿ 24 ಡಿಗ್ರಿ ದಾಟಿತು ಅಂದರೆ ಟೊಮೆಟೊ ಹೂವಿನ ಪರಾಗ ಕೆಡುತ್ತದೆ, ಹೂ ಉದುರುತ್ತದೆ. ಮೇ ಕೊನೆಯ ಹೊತ್ತಿಗೆ ಇಲ್ಲಿ ಅದೇ ಆಗೋದು. ಅಷ್ಟರೊಳಗೆ ಕಾಯಿ ಕಚ್ಚಿರಬೇಕು. ನನ್ನ ಆರು ಸಸಿಗಳ ಕಥೆ ಇಷ್ಟೇ. ಬೀಜದಿಂದಲೇ ಬೆಳೆಸುವ ಆಸೆಯಿದ್ದರೆ ಡಿಸೆಂಬರ್ ಕೊನೆಯಲ್ಲಿ ಮನೆಯೊಳಗೆ ಕಿಟಕಿ ಪಕ್ಕ ಸಸಿ ಮಾಡಲು ಹಾಕಿ. ಮೆಣಸಿನಕಾಯಿ, ಬದನೆ ಸಸಿಗೂ ಇದೇ ಕಾಲ. ಸೌತೆ, ಹೀರೆ, ಸೋರೆ, ಬೀನ್ಸ್ ಬೀಜವನ್ನು ಮಾರ್ಚಿನಲ್ಲಿ ನೇರ ನೆಲಕ್ಕೆ ಹಾಕಬಹುದು.

ಇನ್ನೊಂದು, ಸೆಪ್ಟೆಂಬರ್ ಕೊನೆಯಿಂದ ಜನವರಿವರೆಗಿನ ಹಿಂಗಾರು. ಇದೇ ಇಲ್ಲಿನ ಅಸಲಿ ಹಂಗಾಮು. ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ, ಪಾಲಕ್, ಮೂಲಂಗಿ, ಕ್ಯಾರೆಟ್, ಬೀಟ್‌ರೂಟ್, ಬಟಾಣಿ, ಈರುಳ್ಳಿ, ಎಲೆಕೋಸು. ಹೊಸದಾಗಿ ಶುರು ಮಾಡುವವರು ಇದರಿಂದಲೇ ಶುರು ಮಾಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಬೇಸಿಗೆ ಹಂಗಾಮಿನಲ್ಲಿ ಕೈ ಸುಟ್ಟುಕೊಂಡವರು ಮತ್ತೆ ಹಿತ್ತಲ ಕಡೆ ತಿರುಗಿಯೂ ನೋಡಲ್ಲ.

ಇಲ್ಲಿನ ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಹೆಸರು ಮಾರಿಕೋಪಾ. ಇದಕ್ಕಾಗಿ ಅರಿಜೋನಾ ವಿಶ್ವವಿದ್ಯಾಲಯದ ಕೃಷಿ ವಿಸ್ತರಣಾ ವಿಭಾಗ ಒಂದು ತರಕಾರಿ ಕ್ಯಾಲೆಂಡರ್ ಮಾಡಿದೆ. ಯಾವ ಬೆಳೆ, ಯಾವ ತಿಂಗಳು, ಬೀಜವೋ ಸಸಿಯೋ ಎಲ್ಲ ಅದರಲ್ಲಿದೆ. ಪುಕ್ಕಟೆ ಸಿಗುತ್ತದೆ. ಪ್ರಿಂಟ್ ತೆಗೆದು ಫ್ರಿಜ್ಜಿನ ಮೇಲೆ ಅಂಟಿಸಿ.

ಜಾಗ ಆರಿಸುವುದು

ಒಂದು ದಿನ ಬೆಳಿಗ್ಗೆ 8, ಮಧ್ಯಾಹ್ನ 12, ಸಂಜೆ 4 ಗಂಟೆಗೆ ಹಿತ್ತಲಿಗೆ ಹೋಗಿ ಫೋಟೊ ತೆಗೆಯಿರಿ. ಜೂನ್‌ನಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಒಮ್ಮೆ. ಸೂರ್ಯ ಎಷ್ಟು ವಾಲುತ್ತಾನೆ ಅಂತ ನೋಡಿದರೆ ಆಶ್ಚರ್ಯವಾಗುತ್ತದೆ. ಬೆಳಗಿನ ಬಿಸಿಲು ಬಿದ್ದು, ಮಧ್ಯಾಹ್ನ ಎರಡರ ಮೇಲೆ ಮನೆಯ ಅಥವಾ ಮರದ ನೆರಳು ಬರುವ ಜಾಗ ಸಿಕ್ಕಿದರೆ ನೀವು ಪುಣ್ಯವಂತರು.

ಇಲ್ಲಿನ ಹಿತ್ತಲುಗಳಿಗೆಲ್ಲ ಸಿಮೆಂಟ್ ಇಟ್ಟಿಗೆಯ ಕಾಂಪೌಂಡು ಇರುತ್ತದೆ. ಇಳಿಬಿಸಿಲು ನೇರವಾಗಿ ಬೀಳುವ ಗೋಡೆಯ ಬುಡದಲ್ಲಿ ಬೇಸಿಗೆ ಬೆಳೆ ಹಾಕಬೇಡಿ. ಆ ಗೋಡೆ ಹಗಲೆಲ್ಲ ಕಾದು ರಾತ್ರಿಯೆಲ್ಲ ಕಾವು ಉಗುಳುತ್ತದೆ. ಅದೇ ಗೋಡೆ ಜನವರಿಯಲ್ಲಿ ಕರಿಬೇವಿಗೆ ಕಂಬಳಿಯ ಹಾಗೆ. ಹಾಗಾಗಿ ಚಳಿಗಾಲದಲ್ಲಿ ಕರಿಬೇವಿನ ಕುಂಡ ಅಲ್ಲಿರಲಿ.

ಅಗೆಯುವ ಮುಂಚೆ 811ಕ್ಕೆ ಫೋನ್ ಮಾಡಿ. ನೆಲದಡಿ ಗ್ಯಾಸ್, ಕರೆಂಟು ಎಲ್ಲಿ ಹೋಗಿದೆ ಅಂತ ಬಂದು ಬಣ್ಣದಲ್ಲಿ ಗುರುತು ಹಾಕಿಕೊಡುತ್ತಾರೆ. ದುಡ್ಡಿಲ್ಲ. ಎರಡು ಕೆಲಸದ ದಿನ ಮುಂಚೆ ಹೇಳಬೇಕು ಅಷ್ಟೇ. ಬಡಾವಣೆಯ ಮನೆಮಾಲೀಕರ ಸಂಘದ ನಿಯಮಗಳನ್ನೂ ಒಮ್ಮೆ ಓದಿಕೊಳ್ಳಿ. ಹಿತ್ತಲಿಗೆ ಅಷ್ಟು ತಕರಾರು ಮಾಡುವುದಿಲ್ಲ. ಮನೆ ಮುಂದೆ ಸೋರೆ ಚಪ್ಪರ ಹಾಕಿದರೆ ಮಾತ್ರ ಕಾಗದ ಬರಬಹುದು.

ಮಣ್ಣು

ಇಲ್ಲಿ ಗುದ್ದಲಿ ಹಾಕಿದರೆ ಠಣ್ ಅನ್ನುತ್ತದೆ. ಅದು ಕಲ್ಲಲ್ಲ, ಕಲೀಚೆ. ಮಣ್ಣಿನ ಸುಣ್ಣವೆಲ್ಲ ಗಟ್ಟಿಯಾಗಿ ಕಾಂಕ್ರೀಟಿನ ಹಾಗೆ ಕಟ್ಟಿಕೊಂಡ ಪದರ. ಮಳೆ ಕಡಿಮೆಯಾದ್ದರಿಂದ ಸುಣ್ಣ ತೊಳೆದು ಆಳಕ್ಕೆ ಹೋಗುವುದೇ ಇಲ್ಲ. ಎಲ್ಲ ಮನೆಯಲ್ಲೂ ಇರುವುದಿಲ್ಲ. ಇದ್ದರೂ ಕೆಲವು ಕಡೆ ಅರ್ಧ ಅಡಿಗೇ ಸಿಗುತ್ತದೆ, ಕೆಲವು ಕಡೆ ನಾಲ್ಕಡಿ ಕೆಳಗೆ.

ಇದಕ್ಕೊಂದು ಪರೀಕ್ಷೆ ಇದೆ. ಒಂದಡಿ ಆಳದ ಗುಂಡಿ ತೋಡಿ. ನೀರು ತುಂಬಿ. ಇಂಗಿದ ಮೇಲೆ ಇನ್ನೊಂದು ಸಲ ತುಂಬಿ, ಗಡಿಯಾರ ನೋಡಿ. ನಾಲ್ಕು ಗಂಟೆಯಲ್ಲಿ ನಾಲ್ಕಿಂಚಾದರೂ ಇಳಿದರೆ ಅಡ್ಡಿಯಿಲ್ಲ. ಇಳಿಯದೆ ಹಾಗೇ ನಿಂತರೆ ಕೆಳಗೆ ಕಲೀಚೆ ಇರಬಹುದು. ಪದರ ತೆಳ್ಳಗಿದ್ದರೆ ಹಿಂದಿನ ದಿನ ನೀರು ಬಿಟ್ಟು ನೆನೆಸಿ, ಗಡಾರಿಯಲ್ಲಿ ಒಡೆದು ತೂತು ಮಾಡಿ. ದಪ್ಪಗಿದ್ದರೆ ಬೇರೆ ಜಾಗ ನೋಡಿ. ಬೆನ್ನು ಮುರಿದುಕೊಳ್ಳುವಷ್ಟು ಬೆಲೆ ಅದಕ್ಕಿಲ್ಲ.

ಅಗೆತದ ಬಗ್ಗೆ ಇನ್ನೊಂದು ಮಾತು, ಇದನ್ನು ಹಗುರವಾಗಿ ತಗೋಬೇಡಿ. ಈ ಭಾಗದ ಮಣ್ಣಿನಲ್ಲಿ ಒಂದು ಶಿಲೀಂಧ್ರ ಇದೆ. ಅದರ ಧೂಳು ಉಸಿರಿನಲ್ಲಿ ಹೋದರೆ ವ್ಯಾಲಿ ಫೀವರ್ ಅನ್ನುವ ಶ್ವಾಸಕೋಶದ ಸೋಂಕು ಬರಬಹುದು. ಬಹಳಷ್ಟು ಜನರಿಗೆ ಏನೂ ಆಗುವುದಿಲ್ಲ. ಕೆಲವರನ್ನು ತಿಂಗಳುಗಟ್ಟಲೆ ಮಲಗಿಸುತ್ತದೆ. ಒಣ ಮಣ್ಣು ಅಗೆಯಬೇಡಿ, ಮೊದಲು ನೆನೆಸಿ. ಎನ್-95 ಮಾಸ್ಕ್ ಹಾಕಿ. ಗಾಳಿ ಬೀಸುವ ದಿನ ಅಗೆತ ಬೇಡ. ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಈ ಕೆಲಸ ಬೇರೆಯವರಿಗೆ ಬಿಡುವುದು ಒಳ್ಳೆಯದು.

ಇಲ್ಲಿನ ಮಣ್ಣಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 8ರ ಮೇಲೆ. ನಮ್ಮ ಕಡೆ ಚೌಳು ಮಣ್ಣು ಅಂತೀವಲ್ಲ, ಆ ಜಾತಿ. ಊರಿನ ಅಭ್ಯಾಸದಲ್ಲಿ ಒಲೆ ಬೂದಿ ತಂದು ಸುರಿಯಬೇಡಿ. ಬೂದಿ ಮತ್ತು ಸುಣ್ಣ ಎರಡೂ ಪಿಎಚ್ ಇನ್ನೂ ಏರಿಸುತ್ತವೆ. ಹುಳಿ ಮಣ್ಣಿನ ಮಲೆನಾಡಿಗೆ ಸರಿ ಹೋಗುವ ಔಷಧಿ ಇಲ್ಲಿ ವಿಷ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣ ಸಾಲುತ್ತಿಲ್ಲ ಅಂತ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಆದರೆ ಪಿಎಚ್ ಜಾಸ್ತಿಯಾಗಿ ಬೇರಿಗೆ ದಕ್ಕುವುದಿಲ್ಲ. ಅದಕ್ಕೆ ಕೀಲೇಟೆಡ್ ಐರನ್ ಅಂತ ಸಿಗುತ್ತದೆ, ಪಿಎಚ್ ಜಾಸ್ತಿಯಿರುವ ಮಣ್ಣಿಗೆ ಅಂತ ಬರೆದಿರುವುದನ್ನೇ ಕೇಳಿ ತನ್ನಿ.

ಕಾಂಪೋಸ್ಟ್ ಧಾರಾಳವಾಗಿ ಹಾಕಿ. ಮೊದಲ ವರ್ಷ ನಾಲ್ಕರಿಂದ ಆರಿಂಚು ಹರವಿ ಮಣ್ಣಿಗೆ ಬೆರೆಸಿ. ಆಮೇಲೆ ಪ್ರತಿ ಹಂಗಾಮಿಗೆ ಎರಡಿಂಚು. ಈ ಬಿಸಿಲಿಗೆ ಗೊಬ್ಬರ ಬೇಗ ಕರಗಿ ಮಾಯವಾಗುತ್ತದೆ. ಹಾಗಾಗಿ ಒಂದು ಸಲ ಹಾಕಿದೆ, ಮುಗಿಯಿತು ಅನ್ನುವ ಹಾಗಿಲ್ಲ. ಚೀಲದಲ್ಲಿ ಬರುವ ದನದ ಗೊಬ್ಬರದಲ್ಲಿ ಉಪ್ಪು ಜಾಸ್ತಿ ಇರಬಹುದು. ಅದನ್ನು ನಾಟಿ ಮಾಡುವ ದಿನ ಹಾಕಬೇಡಿ. ಒಂದೆರಡು ತಿಂಗಳು ಮುಂಚೆ ಬೆರೆಸಿ, ನೀರು ಬಿಟ್ಟು ತೊಳೆಯಿರಿ.

ಏರುಮಡಿ ಬೇಡ, ಪಾತಿ ಮಾಡಿ

ವಿಡಿಯೊಗಳಲ್ಲಿ ಎಲ್ಲರೂ ಮರದ ಹಲಗೆಯ ಪೆಟ್ಟಿಗೆ ಮಾಡಿ, ಎರಡಡಿ ಎತ್ತರಕ್ಕೆ ಮಣ್ಣು ತುಂಬಿಸಿ ಗಿಡ ನೆಡುತ್ತಾರೆ. ನೋಡಲು ಚೆಂದ. ನಾನೂ ಮಾಡಿದೆ. ನಾಲ್ಕೂ ಕಡೆಯಿಂದ ಬಿಸಿಗಾಳಿ ಹೊಡೆದು ಮಣ್ಣು ಮಧ್ಯಾಹ್ನದೊಳಗೆ ಒಣಗುತ್ತಿತ್ತು. ಅಪ್ಪನಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ. 'ಮಣ್ಣು ಮೇಲೆತ್ತಿದ್ರೆ ನೀರು ಎಲ್ಲಿ ನಿಲ್ಲುತ್ತಪ್ಪಾ? ಪಾತಿ ಮಾಡೋದು ಬಿಟ್ಟು ಇದೇನು ಗೋರಿ ಕಟ್ಟಿದ್ದೀಯ?' ಅಂದರು. ಅಡಿಕೆ, ತೆಂಗಿನ ಬುಡಕ್ಕೆ ಪಾತಿ ಮಾಡಿದ್ದನ್ನು ಹುಟ್ಟಿದಾಗಿನಿಂದ ನೋಡಿದವನು ನಾನು. ಇಲ್ಲಿಗೆ ಬಂದು ಮರೆತಿದ್ದೆ.

ಆಮೇಲೆ ತಿಳಿಯಿತು, ಒಣ ನಾಡಿನ ಜನ ಎಲ್ಲ ಕಡೆಯೂ ಇದನ್ನೇ ಮಾಡಿದ್ದಾರೆ. ಪಕ್ಕದ ನ್ಯೂ ಮೆಕ್ಸಿಕೊದ ಝೂನಿ ಜನ ಮಣ್ಣಿನ ಚಿಕ್ಕ ಬದುಗಳ ನಡುವೆ ತಗ್ಗು ಚೌಕಗಳನ್ನು ಮಾಡಿ ತರಕಾರಿ ಬೆಳೆಯುತ್ತಿದ್ದರು. ಅರಿಜೋನಾದ ದಕ್ಷಿಣ ಭಾಗದ ತೊಹೊನೊ ಓಧಮ್ ಜನ ಮಳೆ ಬಂದಾಗ ಹಳ್ಳದ ನೀರು ಹರಡುವ ಬಾಯಲ್ಲೇ ಹೊಲ ಮಾಡುತ್ತಿದ್ದರು. ಇನ್ನು ಫೀನಿಕ್ಸ್ ಊರು ನಿಂತಿರುವುದೇ ಹೊಹೊಕಮ್ ಅನ್ನುವ ಪ್ರಾಚೀನ ಜನರ ಕಾಲುವೆಗಳ ಮೇಲೆ. 1860ರ ದಶಕದಲ್ಲಿ ಬಂದ ವಲಸಿಗರು ಆ ಹಳೆಯ ಕಾಲುವೆಗಳನ್ನೇ ಹೂಳೆತ್ತಿ ಬೇಸಾಯ ಶುರು ಮಾಡಿದರು. ಅದಕ್ಕೇ ಬೂದಿಯಿಂದೆದ್ದ ಹಕ್ಕಿಯ ಹೆಸರು ಈ ಊರಿಗೆ. ವಿಮಾನ ನಿಲ್ದಾಣದ ಹತ್ತಿರ ಸೆಡಾವ್ ವಾಕಿ ವಸ್ತುಸಂಗ್ರಹಾಲಯದಲ್ಲಿ ಆ ಕಾಲುವೆಯ ಕುರುಹು ಈಗಲೂ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ.

ಪಾತಿ ಮಾಡುವ ಕ್ರಮ ಹೀಗೆ. ನಾಲ್ಕಡಿ ಅಗಲ, ಎಂಟಡಿ ಉದ್ದ ಸಾಕು. ನಾಲ್ಕಡಿಗಿಂತ ಅಗಲ ಮಾಡಿದರೆ ನಡುವಿಗೆ ಕೈ ಎಟುಕುವುದಿಲ್ಲ. ಒಂದೂವರೆ ಅಡಿ ಆಳಕ್ಕೆ ಅಗೆದು ಮಣ್ಣನ್ನು ಪಕ್ಕಕ್ಕೆ ಗುಡ್ಡೆ ಹಾಕಿ. ಕಲ್ಲು, ಬೇರು, ಗಾರೆಯ ತುಂಡು ಆರಿಸಿ ತೆಗೆಯಿರಿ. ಹೊಸ ಮನೆಗಳ ಹಿತ್ತಲಲ್ಲಿ ಮೇಸ್ತ್ರಿಗಳು ಹೂತುಹೋದ ಸಾಮಾನು ನೋಡಿದರೆ ಒಂದು ಅಂಗಡಿಯೇ ಇಡಬಹುದು. ಒಳ್ಳೆಯ ಮಣ್ಣಿಗೆ ಕಾಂಪೋಸ್ಟ್ ಬೆರೆಸಿ ವಾಪಸ್ ತುಂಬಿಸಿ. ಆದರೆ ಪೂರ್ತಿ ತುಂಬಬೇಡಿ. ಸುತ್ತಲ ನೆಲಕ್ಕಿಂತ ನಾಲ್ಕೈದು ಇಂಚು ಕೆಳಗೇ ಇರಲಿ. ಉಳಿದ ಮಣ್ಣಲ್ಲಿ ಸುತ್ತ ಬದು ಹಾಕಿ, ತುಳಿದು ಗಟ್ಟಿ ಮಾಡಿ. ಒಂದು ಮೂಲೆಯಲ್ಲಿ ನೀರು ಹೊರಹೋಗಲು ಕೋಡಿ ಬಿಡಿ. ಇಲ್ಲಿನ ಮಳೆಗಾಲ ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ. ಬಂದರೆ ಒಂದೇ ಗಂಟೆಯಲ್ಲಿ ಸುರಿದು ಹೋಗುತ್ತದೆ. ಕೋಡಿ ಇಲ್ಲದಿದ್ದರೆ ಪಾತಿ ಕೆರೆಯಾಗುತ್ತದೆ.

ಮನೆಯ ಗೋಡೆಗೆ ಅಂಟಿಕೊಂಡ ಹಾಗೆ ಪಾತಿ ಮಾಡಬೇಡಿ. ಅಡಿಪಾಯಕ್ಕೆ ನೀರು ಇಳಿಯುತ್ತದೆ, ಗೆದ್ದಲೂ ಬರುತ್ತದೆ. ಮೇಲೆ ಹೇಳಿದ ಗುಂಡಿ ಪರೀಕ್ಷೆಯಲ್ಲಿ ನೀರು ಇಂಗಲೇ ಇಲ್ಲ ಅಂದರೆ ಮಾತ್ರ ಏರುಮಡಿ ಮಾಡಿ. ಆಗಲೂ ಎತ್ತರ ಒಂದಡಿ ಸಾಕು, ತಗಡಿನದು ಬೇಡ.

ನೀರು

ಗಿಡದ ಮುಖ ಬಾಡಿದೆ, ಅಯ್ಯೋ ಪಾಪ ಅಂತ ಮಧ್ಯಾಹ್ನ ಪೈಪು ಹಿಡಿದು ಓಡಬೇಡಿ. ಕುಂಬಳ, ಸೌತೆ ಎಲೆಗಳು ಜೂನ್‌ನ ಮಧ್ಯಾಹ್ನ ಜೋತುಬೀಳುವುದು ಸಹಜ. ಸಂಜೆಗೆ ತಾವೇ ಏಳುತ್ತವೆ. ಬೆಳಿಗ್ಗೆ ಆರು ಗಂಟೆಗೂ ಬಾಡಿದ್ದರೆ ಆಗ ಗಾಬರಿಯಾಗಿ. ಬಿಸಿಲಲ್ಲಿ ಬಿದ್ದ ಪೈಪಿನೊಳಗಿನ ನೀರು ಕೈ ಬೊಬ್ಬೆ ಬರುವಷ್ಟು ಕಾದಿರುತ್ತದೆ. ತಣ್ಣೀರು ಬರುವವರೆಗೆ ಬಕೆಟ್ಟಿಗೆ ಬಿಟ್ಟುಕೊಂಡು ಆಮೇಲೆ ಗಿಡಕ್ಕೆ ಹಿಡಿಯಿರಿ. ಮಕ್ಕಳ ಕೈಗಂತೂ ಪೈಪು ಕೊಡಲೇಬೇಡಿ.

ಮೇಲೆ ಮೇಲೆ ದಿನಾ ಚಿಮುಕಿಸಿದರೆ ಬೇರೂ ಮೇಲೆಯೇ ಹರಡುತ್ತದೆ. ಒಂದು ದಿನ ನೀವು ಮರೆತರೆ ಕಥೆ ಮುಗಿಯಿತು. ಇಲ್ಲಿನವರ ಲೆಕ್ಕ ಒಂದು, ಎರಡು, ಮೂರು. ತರಕಾರಿಗೆ ಒಂದಡಿ ಆಳ, ಪೊದೆ ಗಿಡಕ್ಕೆ ಎರಡಡಿ, ಮರಕ್ಕೆ ಮೂರಡಿ ನೀರು ಇಳಿಯಬೇಕು. ಇಳಿದಿದೆಯಾ ಅಂತ ತಿಳಿಯಲು ಒಂದು ಉದ್ದನೆಯ ಕಬ್ಬಿಣದ ಸರಳು ಇಟ್ಟುಕೊಳ್ಳಿ. ನೀರು ಬಿಟ್ಟು ಒಂದು ಗಂಟೆ ಆದಮೇಲೆ ಚುಚ್ಚಿ. ಒದ್ದೆ ಇರುವಷ್ಟು ಸಲೀಸಾಗಿ ಹೋಗುತ್ತದೆ, ಒಣ ಮಣ್ಣು ಸಿಕ್ಕಿದ ಕೂಡಲೇ ನಿಲ್ಲುತ್ತದೆ. ಎಷ್ಟು ನಿಮಿಷ ಬಿಡಬೇಕು ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ನಿಮ್ಮ ಮಣ್ಣೇ ಹೇಳಬೇಕು, ಸರಳಿನ ಮೂಲಕ.

ಹನಿ ನೀರಾವರಿಗೆ ದುಡ್ಡು ಹಾಕಿ. ನಲ್ಲಿಗೆ ಸಿಕ್ಕಿಸುವ ಟೈಮರ್, ನೀರು ವಾಪಸ್ ಹೋಗದಂತೆ ತಡೆಯುವ ಕವಾಟ, ಫಿಲ್ಟರ್, ಒತ್ತಡ ಇಳಿಸುವ ರೆಗ್ಯುಲೇಟರ್ ಬೇಕು. ಅದರಿಂದ ಅರ್ಧ ಇಂಚಿನ ಪೈಪು, ಅದಕ್ಕೆ ಆರಿಂಚಿಗೊಂದು ತೂತಿರುವ ಕಾಲಿಂಚಿನ ಪೈಪು. ಪಾತಿಯಲ್ಲಿ ಒಂದಡಿಗೊಂದು ಸಾಲು ಹಾಸಿ. ಬೆಳಗಿನ ಜಾವ ಬಿಡುವಂತೆ ಟೈಮರ್ ಇಡಿ. ನನ್ನ ಹಿತ್ತಲಲ್ಲಿ ಚಳಿಗಾಲಕ್ಕೆ ಐದು ದಿನಕ್ಕೊಮ್ಮೆ ಸಾಕು. ಮೇ ತಿಂಗಳಿಗೆ ದಿನ ಬಿಟ್ಟು ದಿನ. ಜೂನ್, ಜುಲೈಯಲ್ಲಿ ದಿನವೂ. ಟೈಮರ್ ಇಟ್ಟು ಮರೆಯಬೇಡಿ. ಬ್ಯಾಟರಿ ಕೈಕೊಟ್ಟ ಒಂದು ವಾರಾಂತ್ಯದಲ್ಲಿ ನನ್ನ ಬದನೆ ಸಾಲು ಪೂರ್ತಿ ಹೋಯಿತು. ಈಗ ಜೂನ್ ಒಂದನೇ ತಾರೀಖು ತಪ್ಪದೆ ಹೊಸ ಬ್ಯಾಟರಿ.

ಮಡಕೆ ನೀರಾವರಿ ಇನ್ನೂ ಅಗ್ಗ. ಇಲ್ಲಿ ಅದಕ್ಕೆ ಓಯಾ ಅನ್ನುತ್ತಾರೆ, ಸ್ಪ್ಯಾನಿಷ್ ಹೆಸರು. ಬಣ್ಣ, ಹೊಳಪು ಹಚ್ಚದ ಮಣ್ಣಿನ ಕುಂಡ ತನ್ನಿ. ತಳದ ತೂತು ಮುಚ್ಚಿ. ಕುತ್ತಿಗೆವರೆಗೆ ಹೂತು, ಬಾಯಿ ಒಂದಿಂಚು ಮೇಲೆ ಬಿಡಿ. ನೀರು ತುಂಬಿ ತಟ್ಟೆ ಮುಚ್ಚಿ. ಸುತ್ತ ಮಣ್ಣು ಒಣಗಿದಂತೆ ಮಡಕೆ ಜಿನುಗುತ್ತದೆ. ಎರಡಡಿಗೊಂದು ಹೂತರೆ ಸುತ್ತ ಮೆಣಸಿನ ಗಿಡ ಹಾಯಾಗಿರುತ್ತವೆ. ಮುಚ್ಚದಿದ್ದರೆ ಸೊಳ್ಳೆ ಮನೆ ಮಾಡುತ್ತದೆ.

ಉಪ್ಪಿನ ವಿಷಯ ಮರೆಯಬಾರದು. ಇಲ್ಲಿ ನಲ್ಲಿಗೆ ಬರುವುದು ಸಾಲ್ಟ್, ವರ್ಡೆ, ಕೊಲೊರಾಡೊ ನದಿಗಳ ನೀರು. ಸಾಲ್ಟ್ ನದಿಗೆ ಆ ಹೆಸರು ಸುಮ್ನೆ ಬಂದಿಲ್ಲ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಮಣ್ಣಲ್ಲಿ ಉಳಿಯುತ್ತದೆ. ಮಣ್ಣಿನ ಮೇಲೆ ಬಿಳಿ ಪುಡಿ, ಎಲೆಯ ಅಂಚು ಕಂದು. ಇದನ್ನು ನೋಡಿ ಗೊಬ್ಬರ ಹಾಕಿದರೆ ಇನ್ನೂ ಕೆಡುತ್ತದೆ. ತಿಂಗಳಿಗೊಮ್ಮೆ ಮಾಮೂಲಿಗಿಂತ ಎರಡು ಪಟ್ಟು ಹೊತ್ತು ನೀರು ಬಿಟ್ಟು ಉಪ್ಪನ್ನು ಬೇರಿನ ಕೆಳಗೆ ತಳ್ಳಿ. ಗಡಸು ನೀರನ್ನು ಮೆದು ಮಾಡುವ ಮನೆಯ ಸಾಫ್ಟ್‌ನರ್ ಯಂತ್ರದಿಂದ ಬಂದ ನೀರಂತೂ ಗಿಡಕ್ಕೆ ಬೇಡ, ಅದರಲ್ಲಿ ಸೋಡಿಯಂ.

ಮಳೆನೀರು ಹಿಡಿಯಲು ಅಡ್ಡಿಯಿಲ್ಲ. ಬಟ್ಟೆ ಒಗೆದ, ಸ್ನಾನದ ನೀರನ್ನು ಮರಗಳಿಗೆ ಬಿಡಲು ರಾಜ್ಯದ ನಿಯಮ ಒಪ್ಪುತ್ತದೆ. ತರಕಾರಿಗೆ ಬಿಡುವಂತಿಲ್ಲ. ತಿನ್ನುವ ಬೆಳೆಗಳ ಪೈಕಿ ನಿಂಬೆ, ಕಿತ್ತಳೆ ಜಾತಿಯ ಮರ ಮತ್ತು ಬಾದಾಮಿಯಂಥ ಮರಗಳಿಗೆ ಮಾತ್ರ. ಅಡುಗೆಮನೆ ಸಿಂಕಿನ ನೀರಿಗೆ ಅದೂ ಇಲ್ಲ.

ನೆರಳು, ಮುಚ್ಚಿಗೆ

ಮೇ ಒಂದರೊಳಗೆ ಶೇಡ್ ನೆಟ್ ಮೇಲೇರಬೇಕು. 30ರಿಂದ 50 ಶೇಕಡ ನೆರಳಿನದು ಸಾಕು. 80 ಶೇಕಡದ ದಪ್ಪ ನೆಟ್ ಕಾರು ನಿಲ್ಲಿಸಲು ಸರಿ, ಬದನೆಗಲ್ಲ. ಗಿಡಕ್ಕೆ ತಾಗದಂತೆ ಆರೇಳು ಅಡಿ ಎತ್ತರಕ್ಕೆ ಕಟ್ಟಿ, ಗಾಳಿಯಾಡಲಿ. ಪಶ್ಚಿಮದ ಕಡೆ ಪರದೆ ಕೆಳಗಿನವರೆಗೂ ಇಳಿಬಿಡಿ. ನಾಲ್ಕು ಗಂಟೆಯ ಬಿಸಿಲೇ ಹೆಚ್ಚು ಕಾಟ ಕೊಡುವುದು. ಗೂಟಗಳನ್ನು ಭದ್ರವಾಗಿ ನೆಡಿ. ಜುಲೈ, ಆಗಸ್ಟಿನಲ್ಲಿ ಹಬೂಬ್ ಅನ್ನುವ ಧೂಳಿನ ಗೋಡೆ ಎದ್ದು ಬರುತ್ತದೆ. ನನ್ನ ಮೊದಲ ನೆಟ್ ಮೂರು ಮನೆ ಆಚೆಯ ಈಜುಕೊಳದಲ್ಲಿ ಸಿಕ್ಕಿತು.

ಮಣ್ಣಿನ ಮೇಲೆ ಮೂರಿಂಚು ಒಣಹುಲ್ಲು ಅಥವಾ ಒಣ ಎಲೆಯ ಮುಚ್ಚಿಗೆ ಹಾಕಿ. ಕಾಂಡಕ್ಕೆ ತಾಗಿಸಬೇಡಿ. ಕಲ್ಲುಪುಡಿ ಹರಡುವುದು ಇಲ್ಲಿನ ಫ್ಯಾಷನ್. ಕಳ್ಳಿಗಿಡಕ್ಕೆ ಸರಿ, ತರಕಾರಿ ಬುಡದಲ್ಲಿ ಅದು ಕಾದ ಬಾಣಲೆ.

ಏನು ಹಾಕೋಣ?

ಈಗ ಖುಷಿಯ ವಿಷಯ. ಇಲ್ಲಿನವರು ಬೇಸಿಗೆಯಲ್ಲಿ ಏನೂ ಬೆಳೆಯಲ್ಲ ಅಂತ ಕೈಚೆಲ್ಲುವಾಗ ನಮ್ಮ ತರಕಾರಿಗಳು ನಗುತ್ತಿರುತ್ತವೆ. ಬೆಂಡೆ ಬೀಜ ರಾತ್ರಿ ನೆನೆಸಿ ಏಪ್ರಿಲ್‌ನಲ್ಲಿ ಹಾಕಿ, ಸೆಪ್ಟೆಂಬರ್‌ವರೆಗೆ ಕೊಯ್ಯುತ್ತೀರಿ. ದಿನ ಬಿಟ್ಟು ದಿನ ಕೊಯ್ಯದಿದ್ದರೆ ಬಲಿತು ಕಟ್ಟಿಗೆಯಾಗುತ್ತದೆ. ಅಲಸಂದೆ, ಅದರಲ್ಲೂ ಗಜದುದ್ದದ ತರಕಾರಿ ಅಲಸಂದೆ, ಜುಲೈಯಲ್ಲೂ ಕಾಯಿ ಬಿಡುತ್ತದೆ. ಬಸಳೆ, ದಂಟು, ಹರಿವೆ ಇದ್ದರೆ ಬೇಸಿಗೆಯ ಸೊಪ್ಪಿಗೆ ಬರವಿಲ್ಲ. ಗೆಣಸಿನ ಬಳ್ಳಿ ಏಪ್ರಿಲ್‌ನಲ್ಲಿ ನೆಟ್ಟರೆ ನೆಲಕ್ಕೆ ಮುಚ್ಚಿಗೆಯಾಗಿ ಹಬ್ಬಿ, ದೀಪಾವಳಿ ಹೊತ್ತಿಗೆ ಗೆಡ್ಡೆ ಕೊಡುತ್ತದೆ. ಅರ್ಮೇನಿಯನ್ ಸೌತೆ ಅಂತ ಒಂದಿದೆ. ನೋಡಲು, ತಿನ್ನಲು ಸೌತೆಯೇ, ಜಾತಿಯಲ್ಲಿ ಕರ್ಬೂಜ. ಮಾಮೂಲಿ ಸೌತೆ ಕಹಿಯಾಗಿ ಸಾಯುವ ಜೂನ್‌ನಲ್ಲಿ ಇದು ಜೋರು. ಕೋಸಂಬರಿಗೆ ಬಹಳ ಚೆನ್ನ.

ಹೀರೆ, ಹಾಗಲ, ಸೋರೆಗೆ ಗಟ್ಟಿ ಚಪ್ಪರ ಬೇಕು. ಮೊದಲ ಎರಡು ವಾರ ಬರೀ ಗಂಡು ಹೂ ಬರುತ್ತದೆ, ಹೆದರಬೇಡಿ. ಹೆಣ್ಣು ಹೂವಿನ ಹಿಂದೆ ಪುಟ್ಟ ಕಾಯಿ ಕಾಣುತ್ತದೆ. ಜೇನ್ನೊಣ ಬರದಿದ್ದರೆ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ನೀವೇ ತಾಗಿಸಿ. ಸೋರೆ ಹೂ ಅರಳುವುದು ಸಂಜೆ, ಹಾಗಾಗಿ ಅದಕ್ಕೆ ಸಂಜೆಯೇ ಹೋಗಬೇಕು.

ಅವರೆಯನ್ನು ಆಗಸ್ಟ್‌ನಲ್ಲಿ ಹಾಕಿ. ಹಗಲು ಗಿಡ್ಡವಾದ ಮೇಲೆ ಹೂ ಬಿಡುವ ಗಿಡ ಅದು. ಸೊಗಡು ಊರಿನಷ್ಟು ಇರುವುದಿಲ್ಲ, ನಿಜ ಹೇಳಬೇಕಲ್ಲ. ಆದರೂ ನವೆಂಬರ್‌ನಲ್ಲಿ ಹಿತುಕಿದ ಬೇಳೆ ಸಾರಿಗೆ ನಾಲ್ಕು ಮನೆಯವರು ಬರುತ್ತಾರೆ.

ಈ ನೆಲದ್ದೇ ಒಂದು ಕಾಳು ಇದೆ, ಟೆಪರಿ. ತೊಹೊನೊ ಓಧಮ್ ಜನರ ಬೆಳೆ. ಮಳೆಗಾಲ ಶುರುವಾದಾಗ ಹಾಕಬೇಕು. ನೀರು ಜಾಸ್ತಿ ಕೊಟ್ಟರೆ ಬರೀ ಎಲೆ ಬಿಡುತ್ತದೆ, ಅಷ್ಟು ಬಿಗುಮಾನ. ಟೂಸಾನ್ ಊರಿನಲ್ಲಿ 1983ರಲ್ಲಿ ಶುರುವಾದ ನೇಟಿವ್ ಸೀಡ್ಸ್ ಸರ್ಚ್ ಸಂಸ್ಥೆ ಇಂಥ ದೇಸಿ ಬೀಜ ಕಾಪಾಡಿ ಮಾರುತ್ತದೆ. ನಾನು ಅದರಲ್ಲಿ ಬಸ್ಸಾರು ಮಾಡಿ ನೋಡಿದೆ, ಮುದ್ದೆಗೆ ಸೈ.

ಕರಿಬೇವಿನ ಮಾತು ಬರದೆ ಕನ್ನಡಿಗರ ತೋಟ ಮುಗಿಯಲ್ಲ. ಊರಿಂದ ಸೂಟ್‌ಕೇಸಿನಲ್ಲಿ ಗಿಡವನ್ನಾಗಲಿ ಕಡ್ಡಿಯನ್ನಾಗಲಿ ದಯವಿಟ್ಟು ತರಬೇಡಿ. ಕರಿಬೇವು ನಿಂಬೆಯ ಕುಲಕ್ಕೆ ಸೇರಿದ್ದು. ನಿಂಬೆ, ಕಿತ್ತಳೆ ಮರಗಳನ್ನು ಕೊಲ್ಲುವ ರೋಗ ಹರಡುವ ಕೀಟ ಅದರಲ್ಲಿ ಕೂತು ಬರುತ್ತದೆ. ಅದಕ್ಕೇ ನಿಷೇಧ. ಬೇರೆ ಬೀಜಗಳನ್ನೂ ಅನುಮತಿಪತ್ರವಿಲ್ಲದೆ ತರುವ ಹಾಗಿಲ್ಲ. ಇಲ್ಲಿನ ನರ್ಸರಿಯಲ್ಲೇ ಕರಿಬೇವಿನ ಸಸಿ ಸಿಗುತ್ತದೆ. ಕುಂಡದಲ್ಲಿ ನೆಟ್ಟು, ಬೇಸಿಗೆಯಲ್ಲಿ ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಇರುವ ಕಡೆ ಇಡಿ. ಡಿಸೆಂಬರ್, ಜನವರಿಯ ಒಂದೆರಡು ರಾತ್ರಿ ಹೆಪ್ಪುಗಟ್ಟುವ ಚಳಿ ಬಂದಾಗ ಹಳೆ ಪಂಚೆ ಹೊದಿಸಿ, ಬೆಳಿಗ್ಗೆ ತೆಗೆಯಿರಿ. ಪ್ಲಾಸ್ಟಿಕ್ ಬೇಡ, ಎಲೆಗೆ ತಾಗಿದ ಕಡೆಯೆಲ್ಲ ಸುಡುತ್ತದೆ. ನುಗ್ಗೆ ಮತ್ತು ದುಂಡುಮಲ್ಲಿಗೆ ಇಲ್ಲಿ ಬಹಳ ಸಲೀಸು. ನುಗ್ಗೆ ಚಳಿಗೆ ಒಣಗಿದರೂ ಬುಡದಿಂದ ಚಿಗುರುತ್ತದೆ.

ಕಾಟ ಕೊಡುವವರು

ಹಕ್ಕಿಗಳಿಗೆ ಬೇಕಿರುವುದು ಟೊಮೆಟೊ ಹಣ್ಣಿನ ನೀರು. ಕಾಯಿ ದೋರುಗಾಯಿ ಆದಾಗಲೇ ಕಿತ್ತು ಒಳಗಿಟ್ಟು ಹಣ್ಣು ಮಾಡಿ, ರುಚಿಯೇನೂ ಕೆಡುವುದಿಲ್ಲ. ಮೊಲ, ನೆಲದ ಅಳಿಲಿಗೆ ಸಣ್ಣ ಕಣ್ಣಿನ ತಂತಿ ಬೇಲಿ. ಬಿಸಿಲು, ಧೂಳಿಗೆ ಜೇಡ ನುಸಿ ಬರುತ್ತದೆ, ಬೆಳಿಗ್ಗೆ ಎಲೆಯ ಅಡಿಗೆ ಜೋರಾಗಿ ನೀರು ಹೊಡೆದರೆ ಕಡಿಮೆಯಾಗುತ್ತದೆ. ಗಿಡ ಕಾರಣವಿಲ್ಲದೆ ಸೊರಗಿದರೆ ಕಿತ್ತು ಬೇರು ನೋಡಿ. ಗಂಟುಗಂಟಾಗಿದ್ದರೆ ಬೇರುಗಂಟು ಜಂತುಹುಳು. ಆ ಪಾತಿಗೆ ಆ ವರ್ಷ ಬದನೆ, ಟೊಮೆಟೊ, ಬೆಂಡೆ ಬೇಡ. ಚೆಂಡುಹೂ ಒತ್ತಾಗಿ ಹಾಕಿ.

ಚೇಳು ಇದೆ. ಕುಂಡ, ಹಲಗೆ ಎತ್ತುವಾಗ ಕೈಗವಸು ಹಾಕಿ. ನೇರಳಾತೀತ ಟಾರ್ಚ್ ತಂದು ರಾತ್ರಿ ಗೋಡೆಯ ಮೇಲೆ ಬಿಡಿ, ಚೇಳುಗಳು ಹಸಿರಾಗಿ ಹೊಳೆಯುತ್ತವೆ. ಮೊದಲ ಸಲ ನೋಡಿದಾಗ ಆ ರಾತ್ರಿ ನಿದ್ದೆ ಬರಲಿಲ್ಲ ನನಗೆ.

ಜುಲೈಯಲ್ಲಿ ಏನು ಮಾಡಬೇಕು?

ಜಾಸ್ತಿ ಏನೂ ಬೇಡ. ಒಣಗಿದ ಟೊಮೆಟೊ ಕಿತ್ತುಹಾಕಿ. ಬೆಂಡೆ, ಅಲಸಂದೆ, ಬಸಳೆ ಇರಲಿ, ನೀರು ನೋಡಿಕೊಳ್ಳಿ. ಮೆಣಸು, ಬದನೆ ಕಾಯಿ ಬಿಡದೆ ಮಂಕಾಗಿ ನಿಂತಿದ್ದರೂ ಕೀಳಬೇಡಿ. ನೆರಳಲ್ಲಿ ಜೀವ ಹಿಡಿದುಕೊಂಡಿದ್ದರೆ ಸೆಪ್ಟೆಂಬರ್‌ನಲ್ಲಿ ಮತ್ತೆ ಹೂ ಬಿಡುತ್ತವೆ. ಗೊಬ್ಬರ ಹಾಕಬೇಡಿ, ಸವರಬೇಡಿ. ಎಲೆ ಕತ್ತರಿಸಿದರೆ ಒಳಗಿನ ಕಾಂಡ ಬಿಸಿಲಿಗೆ ಬೇಯುತ್ತದೆ. ನಿಮ್ಮ ಕೆಲಸ ಬೆಳಿಗ್ಗೆ ಏಳರೊಳಗೆ ಮುಗಿಯಲಿ. ಖಾಲಿಯಾದ ಪಾತಿಗೆ ಚೆನ್ನಾಗಿ ನೀರು ಬಿಟ್ಟು, ತೆಳು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿ ಆರು ವಾರ ಬಿಡಿ. ಕಳೆ ಬೀಜ, ಜಂತುಹುಳು ಬಹುಪಾಲು ಬೆಂದುಹೋಗುತ್ತವೆ. ಈ ಬಿಸಿಲಿಂದ ಒಂದು ಉಪಕಾರವಾದರೂ ಆಗಲಿ.

ಸೆಪ್ಟೆಂಬರ್ ಮೊದಲ ವಾರ ಆ ಹಾಳೆ ತೆಗೆದು ಎರಡಿಂಚು ಕಾಂಪೋಸ್ಟ್ ಬೆರೆಸಿ. ಹೊಸಬರು ಈ ಒಂದು ಪಾತಿ ಸಾಕು ಅಂದುಕೊಳ್ಳಿ. ಕೊನೆಯ ವಾರ ಅಡುಗೆಮನೆ ಡಬ್ಬಿಯಿಂದಲೇ ಒಂದು ಹಿಡಿ ಮೆಂತ್ಯ ತಂದು ಚೆಲ್ಲಿ, ಮೇಲೆ ಅರ್ಧ ಇಂಚು ಮಣ್ಣು ಮುಚ್ಚಿ. ಮೊಳಕೆ ಬರುವವರೆಗೆ ನೆಟ್ ತೆಗೆಯಬೇಡಿ, ಮೇಲ್ಮಣ್ಣು ಒಣಗಲು ಬಿಡಬೇಡಿ. ನಾಲ್ಕೈದು ದಿನಕ್ಕೆ ಹಸಿರು ಕಾಣುತ್ತದೆ. ಅಕ್ಟೋಬರ್ ಕೊನೆಗೆ ಮೊದಲ ಕಟ್ಟು ಕೈಗೆ ಬರುತ್ತದೆ.